ಕೆನಾಲಿನಲ್ಲಿ ಈಜು ಕಲಿತವನು ಏಳು ದಿನ ಬೋಟಿನಲ್ಲೇ ಇದ್ದು ಡೈವ್ ಮಾಡಬಹುದಾ?

ಮಿಲ್ಲಿನ ಹುಡುಗ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಗಂಗಾವತಿಯಲ್ಲಿ ನಮ್ಮದೊಂದು ಸಣ್ಣ ರೈಸ್ ಮಿಲ್ ಇದೆ. ಈಜು ಕಲಿತದ್ದು ಎಡದಂಡೆ ಕಾಲುವೆಯಲ್ಲಿ, ಟ್ರ್ಯಾಕ್ಟರ್ ಟ್ಯೂಬ್ ಒಳಗೆ ತೂರಿಕೊಂಡು. ಸಮುದ್ರ ಮೊದಲ ಸಲ ನೋಡಿದ್ದೇ ಮದುವೆ ಆದ ಮೇಲೆ.

ಹೋದ ಮಾರ್ಚ್‌ನಲ್ಲಿ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಕೋರ್ಸ್ ಮುಗಿಸಿದೆ, ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ ಸ್ಕೂಬಾ ಡೈವಿಂಗಿನ ಮೊದಲ ಪಾಠ ಅದು. ಒಟ್ಟು ನಾಲ್ಕು ಡೈವ್. ಅವತ್ತಿನಿಂದ ತಲೆ ಕೆಟ್ಟಿದೆ. ಕಣ್ಣು ಮುಚ್ಚಿದರೆ ಮೀನೇ ಕಾಣುತ್ತವೆ. ಈಗ ಬೆಂಗಳೂರಿನ ಗೆಳೆಯರು ಫೆಬ್ರವರಿಗೆ ಮಾಲ್ಡೀವ್ಸ್‌ನಲ್ಲಿ ಒಂದು ಬೋಟು ನೋಡಿದ್ದಾರೆ. ಲಿವ್‌ಅಬೋರ್ಡ್ ಅಂತಾರಲ್ಲ, ಅದು. ಏಳು ರಾತ್ರಿ ಬೋಟಿನಲ್ಲೇ ಊಟ, ಬೋಟಿನಲ್ಲೇ ನಿದ್ದೆ, ದಿನಕ್ಕೆ ಮೂರು ಡೈವ್. ಒಂದು ಸೀಟು ಖಾಲಿ ಇದೆ, ಬರುತ್ತೀಯಾ ಅಂತ ಕೇಳುತ್ತಿದ್ದಾರೆ. ಫೆಬ್ರವರಿಯಲ್ಲಿ ಮಿಲ್ಲಿನ ಕೆಲಸವೂ ಸ್ವಲ್ಪ ಕಡಿಮೆ. ಮುಂಗಾರಿನ ಭತ್ತ ಮುಗಿದಿರುತ್ತದೆ, ಬೇಸಿಗೆಯದು ಬಂದಿರುವುದಿಲ್ಲ.

ಹೆದರಿಕೆ ಇರುವುದು ಎರಡಕ್ಕೆ. ನಾಲ್ಕೇ ಡೈವ್ ಮಾಡಿದವನು ಇಂಥ ಬೋಟು ಹತ್ತಬಹುದಾ? ಎರಡನೆಯದು, ಚಿಕ್ಕವನಿದ್ದಾಗ ನನಗೆ ದಮ್ಮು ಇತ್ತು. ಈಗಲೂ ಸುಗ್ಗಿಯಲ್ಲಿ ತೌಡಿನ ಧೂಳು ಜಾಸ್ತಿ ಆದಾಗ ಇನ್ಹೇಲರ್ ಬೇಕಾಗುತ್ತದೆ. ಕೋರ್ಸ್ ಸೇರುವಾಗ ಫಾರ್ಮಿನಲ್ಲಿ ಆ ಪ್ರಶ್ನೆಗೆ ‘ಇಲ್ಲ’ ಅಂತ ಬರೆದುಬಿಟ್ಟೆ. ಬೈಯಬೇಡಿ.

ಅವ್ವನಿಗೆ ಹೇಳಿದೆ. "ಹೊಳೆಯಲ್ಲಿ ಮುಳುಗಿದರೆ ಹೆಣನಾದರೂ ಸಿಗತೈತಿ" ಅಂದಳು. ಅಷ್ಟೇ, ಮುಂದೆ ಮಾತಿಲ್ಲ. ನಮ್ಮದು ಸಸ್ಯಾಹಾರಿ ಮನೆ, ಅದಕ್ಕೂ ಏನು ಮಾಡುತ್ತೀರಿ ಹೇಳಿ.

ರಾಯಚೂರು ಬಿಸಿಲು

ಅಲ್ರೀ, ಸಣಾಪುರ ಕೆರೆ ನಿಮ್ಮ ಮನೆ ಹಿತ್ತಲಲ್ಲೇ ಇದೆ. ಹರಿಗೋಲು ಹತ್ತಿ, ಗರಗರ ತಿರುಗಿಸಿ ಅನ್ನಿ, ತಲೆ ಸುತ್ತಿ ವಾಂತಿ ಮಾಡಿಕೊಳ್ಳಿ, ಸಂಜೆಗೆ ಮನೆ ಸೇರಿ. ಲಕ್ಷಾಂತರ ರೂಪಾಯಿ ಉಳಿಯುತ್ತದೆ.

ಸುಮ್ನೆ ಹೇಳಿದೆ. ನನಗೊಂದು ಡೌಟು. ಅಲ್ಲಿ ಶಾರ್ಕ್ ಇರುತ್ತವಂತೆ, ಹೌದಾ? ನಮ್ಮ ಕೃಷ್ಣಾ ಹೊಳೆಯಲ್ಲಿ ಮೊಸಳೆ ಇವೆ ಅಂತ ನಾನು ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯುವುದಿಲ್ಲ. ನೀವು ದುಡ್ಡು ಕೊಟ್ಟು ಹುಡುಕಿಕೊಂಡು ಹೋಗುತ್ತಿದ್ದೀರಿ.

ಜೀನ್ಸ್ ಅಣ್ಣ, ಬಳ್ಳಾರಿ

ಮಿಲ್ಲಿನ ತಮ್ಮಾ, ನಿನ್ನ ಪ್ರಶ್ನೆಗೆ ನಾನೇ ಉತ್ತರ ಕೊಡಬೇಕು. ಯಾಕಂದರೆ ನೀನು ಮಾಡಹೊರಟ ತಪ್ಪನ್ನು ನಾನು ಆಗಲೇ ಮಾಡಿ ಮುಗಿಸಿದ್ದೇನೆ.

ಬಳ್ಳಾರಿಯಲ್ಲಿ ನನ್ನದು ಜೀನ್ಸ್ ಹೊಲಿಯುವ ಯೂನಿಟ್. ವಯಸ್ಸು 47. ಎರಡು ಸಲ ಮಾಲ್ಡೀವ್ಸ್ ಬೋಟಿಗೆ ಹೋಗಿ ಬಂದಿದ್ದೇನೆ. ಮೊದಲ ಸಲ ಹೋದಾಗ ನನ್ನ ಡೈವ್ ಲೆಕ್ಕದ ಪುಸ್ತಕದಲ್ಲಿ ಇದ್ದದ್ದು 11 ಡೈವ್. ನಿನಗಿಂತ ಏಳು ಜಾಸ್ತಿ, ಬುದ್ಧಿ ಅಷ್ಟೇ.

ಬೋಟಿನ ಬಗ್ಗೆ ಹೆದರಬೇಡ. ದೊಡ್ಡ ಬೋಟಿನಲ್ಲಿ ರೂಮು, ಊಟ, ಮೇಲೆ ಬಿಸಿಲಿಗೆ ಮಲಗುವ ಅಟ್ಟ. ಅದರ ಹಿಂದೆಯೇ ಧೋನಿ ಅಂತ ಇನ್ನೊಂದು ಸಣ್ಣ ಬೋಟು ಬರುತ್ತದೆ. ಸಿಲಿಂಡರ್, ಗಾಳಿ ತುಂಬುವ ಕಂಪ್ರೆಸರ್, ನಮ್ಮ ಸಾಮಾನು ಎಲ್ಲ ಅದರಲ್ಲೇ. ಹಾಗಾಗಿ ಮಲಗುವ ಕಡೆ ಮೆಷಿನ್ ಸದ್ದಿಲ್ಲ. ಬೆಳಿಗ್ಗೆ ಆರಕ್ಕೆ ಮುಂಚೆ ಗಂಟೆ ಹೊಡೆಯುತ್ತಾರೆ. ಒಂದು ಚಹಾ, ಎರಡು ಬಿಸ್ಕತ್ತು. ಗೈಡ್ ಬಿಳಿ ಬೋರ್ಡಿನ ಮೇಲೆ ಜಾಗದ ಚಿತ್ರ ಬರೆದು ಹೇಳುತ್ತಾನೆ. ನೀರಿಗೆ ಇಳಿ, ಮೇಲೆ ಬಾ, ತಿಂಡಿ. ಮತ್ತೆ ಇಳಿ, ಊಟ, ನಿದ್ದೆ. ಮತ್ತೆ ಇಳಿ. ನಮ್ಮ ಯೂನಿಟ್ಟಿನ ಪಾಳಿ ಇದ್ದಂತೆ. ಎರಡನೇ ದಿನಕ್ಕೆ ಇವತ್ತು ಸೋಮವಾರವೋ ಬುಧವಾರವೋ ಅನ್ನುವುದು ಮರೆತುಹೋಗುತ್ತದೆ. ಅದೊಂದಕ್ಕೇ ದುಡ್ಡು ಕೊಡಬಹುದು.

ಹೆದರಬೇಕಾದದ್ದು ನೀರಿನ ಸೆಳೆತಕ್ಕೆ. ಅಲ್ಲಿನ ನಾಲ್ಕು ಪದ ಮೊದಲು ಕಲಿತುಕೋ. ದ್ವೀಪಗಳ ಉಂಗುರಕ್ಕೆ ಅಟಾಲ್ ಅನ್ನುತ್ತಾರಲ್ಲ, ಆ ಪದ ಜಗತ್ತಿಗೆ ಹೋದದ್ದೇ ಅಲ್ಲಿನ ಧಿವೇಹಿ ಭಾಷೆಯಿಂದ. ತಿಲಾ ಅಂದರೆ ನೀರೊಳಗಿನ ಗುಡ್ಡ. ಆನೆಗುಂದಿಯ ಒಂದು ಗುಡ್ಡವನ್ನು ಎತ್ತಿ ಸಮುದ್ರದಲ್ಲಿ ಇಟ್ಟು, ನೆತ್ತಿಯ ಮೇಲೂ ನಾಲ್ಕೈದಾಳು ನೀರು ನಿಲ್ಲಿಸಿದರೆ ಹೇಗಿರುತ್ತದೋ ಹಾಗೆ. ಗಿರಿ ಅಂದರೆ ಅಂಥದ್ದೇ ಸಣ್ಣದು, ನೆತ್ತಿ ನೀರಿನ ಮಟ್ಟಕ್ಕೆ ಹತ್ತಿರ. ನಮ್ಮ ಗಿರಿಯೇ ಅಂದುಕೊಂಡು ನಾನು ಖುಷಿಪಟ್ಟಿದ್ದೆ. ಇನ್ನು ಕಂಡು. ಅದು ಅಟಾಲಿನ ಗೋಡೆಯಲ್ಲಿರುವ ಬಾಯಿ. ಸಮುದ್ರದ ನೀರು ಒಳಗೆ ನುಗ್ಗುವುದೂ ಹೊರಗೆ ಹೋಗುವುದೂ ಅದರಿಂದಲೇ. ನೀನು ಕೆನಾಲಿನವನು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ತೂಬು ಎತ್ತಿದಾಗ ಅದರ ಬಾಯಲ್ಲಿ ನೀರು ಹೇಗೆ ಎಳೆಯುತ್ತದೆ ಅಂತ ನೋಡಿದ್ದೀಯಲ್ಲ? ಅದೇ. ಕೆನಾಲಿನಲ್ಲಿ ಹಿಡಿದುಕೊಳ್ಳಲು ದಂಡೆಯ ಹುಲ್ಲಾದರೂ ಸಿಗುತ್ತದೆ. ಅಲ್ಲಿ ಹವಳ ಮುಟ್ಟುವಂತಿಲ್ಲ.

ಆ ಸೆಳೆತಕ್ಕೇ ಶಾರ್ಕ್‌ಗಳು ಬರುವುದು. ಕಂಡುವಿನ ಬಾಯಲ್ಲಿ ನೀರಿಗೆ ಎದುರಾಗಿ ರೆಕ್ಕೆ ಅಲ್ಲಾಡಿಸದೆ ನಿಂತಿರುತ್ತವೆ, ಸುಮ್ನೆ. ರಾಯಚೂರಿನವರೇ, ಅವು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಮಾಲ್ಡೀವ್ಸ್‌ನಲ್ಲಿ 2010ರಲ್ಲಿ ಶಾರ್ಕ್ ಹಿಡಿಯುವುದನ್ನೇ ನಿಷೇಧ ಮಾಡಿದರು. ಸತ್ತ ಶಾರ್ಕ್‌ಗಿಂತ ಬದುಕಿದ ಶಾರ್ಕ್ ನಮ್ಮಂಥವರಿಂದ ದುಡ್ಡು ಜಾಸ್ತಿ ತರುತ್ತದೆ, ಅಲ್ವಾ. ಅಲಿಮಥಾ ಅಂತ ಒಂದು ದ್ವೀಪದ ಹತ್ತಿರ ರಾತ್ರಿ ಇಳಿದೆವು. ಟಾರ್ಚ್ ಬೆಳಕಿನಲ್ಲಿ ನರ್ಸ್ ಶಾರ್ಕ್‌ಗಳು ನಾಯಿಮರಿಗಳ ಹಾಗೆ ಕಾಲ ನಡುವೆ ನುಸುಳಿ ಹೋಗುತ್ತಿದ್ದವು. ಮೊಸಳೆ ನಿಮ್ಮ ಹೊಳೆಯಲ್ಲೇ ಇರಲಿ.

ಈಗ ನನ್ನ ಕಥೆ. ಮೂರನೇ ದಿನ, ಆರಿ ಅಟಾಲಿನ ಒಂದು ತಿಲಾ. ಜೊತೆಗಾರನಿಗೆ ಅಲ್ಲಿ ‘ಬಡ್ಡಿ’ ಅನ್ನುತ್ತಾರೆ. ಇಪ್ಪತ್ತು ವರ್ಷ ವ್ಯಾಪಾರ ಮಾಡಿ ಬಡ್ಡಿ ಕಟ್ಟಿದವನಿಗೆ ಆ ಪದ ಕೇಳಿದರೇ ಮೈ ಉರಿಯುತ್ತದೆ. ನನ್ನ ಬಡ್ಡಿ ಚೆನ್ನೈನವನು, ಫೋಟೋ ಹುಚ್ಚ. ಸೆಳೆತ ಜೋರಾಯಿತು. ನಾನು ಎದುರಿಗೆ ಕಾಲು ಬಡಿದೆ. ಬಡಿದಷ್ಟೂ ಉಸಿರು ಜಾಸ್ತಿ. ಇಲ್ಲಿ ಒಂದು ಲೆಕ್ಕ ತಿಳಿದುಕೋ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 20 ಮೀಟರ್ ಆಳದಲ್ಲಿ ಮೂರು ಪಟ್ಟು ಒತ್ತಡ. ಅಲ್ಲಿ ಎಳೆದ ಒಂದು ಉಸಿರು, ಮೇಲಿನ ಮೂರು ಉಸಿರಿನಷ್ಟು ಗಾಳಿ ಖರ್ಚು ಮಾಡುತ್ತದೆ. ಸಿಲಿಂಡರಿನೊಳಗಿನ ಗಾಳಿಯ ಒತ್ತಡ 200 ಬಾರ್‌ನಿಂದ ಶುರು. ಅರ್ಧ ಗಂಟೆಯೊಳಗೆ ನನ್ನ ಗೇಜ್ 60ಕ್ಕೆ ಇಳಿದಿತ್ತು. ಬೇರೆಯವರದು ಇನ್ನೂ 110, 120. ತಿರುಗಿ ನೋಡುತ್ತೇನೆ, ಗುಡ್ಡವೂ ಇಲ್ಲ, ಗೈಡೂ ಇಲ್ಲ, ಬಡ್ಡಿಯೂ ಇಲ್ಲ. ಸುತ್ತ ಬರೀ ನೀಲಿ. ನಾವು ದಿನಾ ಬಟ್ಟೆಯಲ್ಲಿ ನೋಡುವ ನೀಲಿಯೇ, ಆದರೆ ಅವತ್ತು ಹೊಟ್ಟೆ ತೊಳೆಸಿತು.

ಕಲಿಸಿದ್ದು ಒಂದು ನೆನಪಿತ್ತು. ಒಂದು ನಿಮಿಷ ಹುಡುಕು, ಸಿಗದಿದ್ದರೆ ನಿಧಾನ ಮೇಲೆ ಹೋಗು. ಹೋದೆ. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು, ರಕ್ತದಲ್ಲಿ ಕರಗಿದ ಸಾರಜನಕ ಹೊರಗೆ ಹೋಗಲು. ನಿಂತೆ. ಜೇಬಿನಿಂದ ಕಿತ್ತಳೆ ಬಣ್ಣದ ಉದ್ದನೆಯ ಚೀಲ ತೆಗೆದು ಗಾಳಿ ತುಂಬಿ ಮೇಲೆ ಬಿಟ್ಟೆ. ತಲೆ ಹೊರಗೆ ಹಾಕಿದರೆ ಧೋನಿ ಹುಣಸೆ ಬೀಜದಷ್ಟು ಕಾಣುತ್ತಿದೆ. ಅಲೆ ಎದ್ದಾಗ ಅದೂ ಇಲ್ಲ.

ಇಪ್ಪತ್ತು ನಿಮಿಷ ತೇಲಿದೆ. ದೇವರು ನೆನಪಾಗಲಿಲ್ಲ ಕಣಪ್ಪ. ಶನಿವಾರ ಹುಡುಗರಿಗೆ ಪಗಾರ ಕೊಡಬೇಕು, ಬೀರು ಕೀಲಿ ಎಲ್ಲಿಟ್ಟಿದ್ದೇನೆ ಅಂತ ಹೆಂಡತಿಗೆ ಹೇಳಿಲ್ಲ, ಇದೇ ತಲೆಯಲ್ಲಿ ಸುತ್ತುತ್ತಿತ್ತು. ಆಮೇಲೆ ಧೋನಿ ಮೇಲಿದ್ದ ಹುಡುಗ ಕಿತ್ತಳೆ ಬಣ್ಣ ನೋಡಿ ಕೈ ಬೀಸಿದ. ಆ ಚೀಲ ಇಲ್ಲದಿದ್ದರೆ ಅಲೆಗಳ ನಡುವೆ ಒಂದು ತಲೆಯನ್ನು ಹುಡುಕುವುದು ಹೇಗೆ? ನನ್ನನ್ನು ಎಳೆದುಕೊಂಡ ಮೇಲೆ ಅವನು ಬೈಯಲಿಲ್ಲ, ಟವೆಲ್ ಕೊಟ್ಟ. ಅದು ಇನ್ನೂ ನಾಚಿಕೆ.

ತಪ್ಪು ಬೋಟಿನವರದ್ದಲ್ಲ, ನನ್ನದೇ. ನೀರೊಳಗೆ ಸುಮ್ನೆ ನಿಲ್ಲುವುದು ನನಗೆ ಬರುತ್ತಿರಲಿಲ್ಲ. ಏರದೆ, ಇಳಿಯದೆ, ಕೈ ಬಡಿಯದೆ, ಡೈವ್‌ಗೆ ತೊಡುವ ಗಾಳಿ ತುಂಬುವ ಕುಪ್ಪಸದ ಗಾಳಿ ಮತ್ತು ಉಸಿರು ಎರಡರಿಂದಲೇ ನಿಲ್ಲುವುದು. ಅದು ಬಂದರೆ ನೀನು ಬೋಟಿಗೆ ತಯಾರು. ಬರದಿದ್ದರೆ ಇಲ್ಲ. ಡೈವ್ ಲೆಕ್ಕ ಎಲ್ಲ ಆಮೇಲೆ.

ನಾಲ್ಕು ಡೈವ್‌ಗೆ ಅದು ಬಂದವರನ್ನು ನಾನು ನೋಡಿಲ್ಲ. ನಿನ್ನ ಓಪನ್ ವಾಟರ್ ಕಾರ್ಡಿಗೆ 18 ಮೀಟರ್ ಮಿತಿ. ಅಲ್ಲಿ ಒಳ್ಳೊಳ್ಳೆ ಜಾಗ ಅದಕ್ಕಿಂತ ಕೆಳಗೆ ಶುರುವಾಗುತ್ತವೆ. ಅದರ ಮುಂದಿನ ಕೋರ್ಸ್ ಅಡ್ವಾನ್ಸ್ಡ್ ಮಾಡಿಕೊಂಡರೆ 30. ಮಾಲ್ಡೀವ್ಸ್ ಕಾನೂನಿನ ಮಿತಿಯೂ 30ವೇ. ಕಂಡುಗಳಿಗೆ ಹೋಗುವ ಕೆಲವು ಬೋಟುಗಳು ಕನಿಷ್ಠ 50 ಡೈವ್ ಆಗಿದೆಯಾ ಅಂತ ಕೇಳುತ್ತವೆ. ಕೇಳದ ಬೋಟು ಸಿಕ್ಕರೆ ಖುಷಿ ಪಡಬೇಡ, ಯಾಕೆ ಕೇಳಲಿಲ್ಲ ಅಂತ ಯೋಚನೆ ಮಾಡು.

ಇನ್ನೊಂದು, ಚಳಿ. ನಗಬೇಡಿ. ಬಳ್ಳಾರಿಯಲ್ಲಿ 42 ಡಿಗ್ರಿಯಲ್ಲಿ ಬೆಳೆದ ಮೈ, 28 ಡಿಗ್ರಿ ನೀರಿನಲ್ಲಿ ನಾಲ್ಕನೇ ದಿನ ಹಲ್ಲು ಕಟಕಟ ಅಂದಿತು. ಗಾಳಿಗಿಂತ ನೀರು ಮೈ ಬಿಸಿಯನ್ನು ಇಪ್ಪತ್ತು ಪಟ್ಟಿಗಿಂತ ಬೇಗ ಎಳೆದುಕೊಳ್ಳುತ್ತದೆ. ದಿನಕ್ಕೆ ಮೂರು ಸಲ ಗಂಟೆಗಟ್ಟಲೆ. ಫ್ಯಾಷನ್ ನೋಡಬೇಡ, ಪೂರ್ತಿ ಕೈಕಾಲು ಮುಚ್ಚುವ 3 ಮಿಲಿಮೀಟರಿನ ಸೂಟ್ ತೆಗೆದುಕೋ.

ಹವಳದ ಬಗ್ಗೆ ಹೇಳದೆ ಬಿಡುವುದಿಲ್ಲ. ಅದು ಗಿಡವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ಸಾವಿರಾರು ಸಣ್ಣ ಪ್ರಾಣಿಗಳು ಸೇರಿ ಕಟ್ಟಿದ ಮನೆ. ಅವುಗಳ ಮೈಯೊಳಗೆ ಪಾಚಿ ಇರುತ್ತದೆ. ಬಣ್ಣವೂ ಅದರದ್ದೇ, ಹೆಚ್ಚಿನ ಊಟವೂ ಅದರದ್ದೇ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಅದಕ್ಕೆ ಬ್ಲೀಚಿಂಗ್ ಅನ್ನುತ್ತಾರೆ. ನನ್ನ ಜೀನ್ಸ್‌ಗೆ ಬ್ಲೀಚ್ ಹಾಕಿದರೆ ಬೆಲೆ ಏರುತ್ತದೆ, ಅಲ್ಲಿ ಬ್ಲೀಚ್ ಆದರೆ ಉಪವಾಸ. ನೀರು ಬೇಗ ತಣ್ಣಗಾದರೆ ಪಾಚಿ ಮರಳಿ ಬಂದು ಬದುಕಿಕೊಳ್ಳುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಅಲ್ಲಿ 1998ರಲ್ಲಿ ಹಾಗಾಗಿತ್ತು, 2016ರಲ್ಲಿ ಮತ್ತೆ ಆಯಿತು. ಒಂದು ಗಿರಿಯ ಮೇಲೆ ನಾನು ಊಟದ ತಟ್ಟೆಯಂಥ ಹವಳಗಳು ಮುರಿದು ಬೂದಿ ಬಣ್ಣಕ್ಕೆ ತಿರುಗಿ ರಾಶಿ ಬಿದ್ದದ್ದನ್ನು ನೋಡಿದೆ. ಅದರ ಮೇಲೇ ಅಂಗೈ ಅಗಲದ ಹೊಸದೊಂದು, ನೇರಳೆ ಅಂಚಿನದು, ಬೆಳೆಯುತ್ತಿತ್ತು. ಪಕ್ಕದಲ್ಲಿ ಗಿಳಿಮೀನು ಕಟುಂ ಕಟುಂ ಅಂತ ಸತ್ತ ಹವಳ ಕಡಿಯುವ ಸದ್ದು ನೀರೊಳಗೂ ಕೇಳುತ್ತದೆ. ಅದು ಕಡಿದು ಹಾಕಿದ ಹಿಕ್ಕೆಯೇ ಬಿಳಿ ಮರಳು. ನವಜೋಡಿಗಳು ಫೋಟೋ ತೆಗೆಸಿಕೊಳ್ಳುವುದು ಅದರ ಮೇಲೆ. ಹೇಳಬಾರದಿತ್ತೇನೋ.

ದಮ್ಮಿನ ವಿಷಯ ನನಗೆ ಅಷ್ಟು ತಿಳಿಯದು. ನಮ್ಮ ಬೋಟಿನಲ್ಲಿ ಒಬ್ಬ ಇನ್ಹೇಲರ್ ಹೊಡೆದುಕೊಂಡೇ ಇಳಿಯುತ್ತಿದ್ದ, ಏನೂ ಆಗಲಿಲ್ಲ.

ಉಳಿದದ್ದು ಚಿಲ್ಲರೆ. ಕೊನೆಯ ಡೈವ್ ಆಗಿ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ಬೋಟಿನವರು 24 ಗಂಟೆ ಬಿಡಿಸುತ್ತಾರೆ. ವಾಂತಿ ಮಾತ್ರೆ ತೆಗೆದುಕೊಳ್ಳುವುದಾದರೆ ಮೊದಲು ಊರಲ್ಲೇ ಒಂದು ಭಾನುವಾರ ನುಂಗಿ ನೋಡು, ಕೆಲವು ವಿಪರೀತ ನಿದ್ದೆ ತರುತ್ತವೆ. ಊಟಕ್ಕೆ ಅನ್ನ, ಬೇಳೆ, ಪಲ್ಯ ಸಿಗುತ್ತದೆ. ನಾನು ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಒಯ್ದಿದ್ದೆ. ಐದನೇ ದಿನಕ್ಕೆ ಅಡುಗೆಯವನೇ ಬಂದು ಹಿಂಡಿ ಕೇಳಿದ. ಡೈವ್ ವಿಮೆ ಮಾತ್ರ ಬಿಡಬೇಡ.

ಡಾಕ್ಟ್ರಕ್ಕ, ಬಳ್ಳಾರಿ

ಜೀನ್ಸ್ ಅಣ್ಣಾವ್ರೇ, ಎಲ್ಲ ಚೆನ್ನಾಗಿ ಬರೆದು ದಮ್ಮಿನ ಆ ಎರಡು ಸಾಲಿನಲ್ಲಿ ಕೆಡಿಸಿಬಿಟ್ಟಿರಿ. ನಾನು ಎದೆ ರೋಗಗಳ ಡಾಕ್ಟರ್. ಗಣಿ ಧೂಳು, ಮಿಲ್ಲಿನ ಧೂಳು ಕುಡಿದ ಎದೆಗಳನ್ನು ದಿನಾ ನೋಡುತ್ತೇನೆ.

ಮಿಲ್ಲಿನ ತಮ್ಮಾ, ನಿನ್ನ ಟ್ರ್ಯಾಕ್ಟರ್ ಟ್ಯೂಬಿನಿಂದಲೇ ಹೇಳುತ್ತೇನೆ. 10 ಮೀಟರ್ ಆಳದಲ್ಲಿ ಒಂದು ಟ್ಯೂಬಿಗೆ ಪೂರ್ತಿ ಗಾಳಿ ತುಂಬಿ, ಬಾಯಿ ಬಿಗಿದು ಮೇಲೆ ಬಿಟ್ಟರೆ ಏನಾಗುತ್ತದೆ? ಒಳಗಿನ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಜಾಗ ಕೇಳುತ್ತದೆ. ಟ್ಯೂಬು ಒಡೆಯುತ್ತದೆ. ಶ್ವಾಸಕೋಶವೂ ಹಾಗೇ. ಆರೋಗ್ಯವಂತ ಎದೆಯಲ್ಲಿ ಉಸಿರು ಬಿಡುತ್ತ ಬಂದರೆ ಗಾಳಿ ಹೊರಗೆ ಹೋಗುತ್ತದೆ. ದಮ್ಮು ಕಟ್ಟಿದಾಗ ಸಣ್ಣ ಸಣ್ಣ ದಾರಿಗಳು ಮುಚ್ಚಿ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ನೀನು ಬಾಯಿ ತೆರೆದೇ ಬಂದರೂ ಉಪಯೋಗ ಇಲ್ಲ. ಸಿಲಿಂಡರಿನ ಗಾಳಿ ಬೇರೆ ಒಣ, ತಣ್ಣಗೆ. ಮೇಲೆ ಸೆಳೆತದ ವಿರುದ್ಧ ಕಾಲು ಬಡಿದ ಸುಸ್ತು, ಹೆದರಿಕೆ. ದಮ್ಮು ಎಬ್ಬಿಸಲು ಇನ್ನೇನು ಬೇಕು? ಅವನಿಗೆ ಏನೂ ಆಗಲಿಲ್ಲ ಅಂದರೆ ಅವನ ಪುಣ್ಯ.

ದಮ್ಮು ಇದ್ದವರೆಲ್ಲ ಡೈವ್ ಮಾಡಲೇಬಾರದು ಅಂತಲ್ಲ. ಚೆನ್ನಾಗಿ ಹತೋಟಿಯಲ್ಲಿ ಇದ್ದು, ಊದುವ ಪರೀಕ್ಷೆ ಸರಿ ಬಂದು, ಓಡಿಸಿ ಮತ್ತೆ ಊದಿಸಿದಾಗಲೂ ಅಂಕಿ ಇಳಿಯದಿದ್ದರೆ ಎಷ್ಟೋ ಜನಕ್ಕೆ ಒಪ್ಪಿಗೆ ಸಿಗುತ್ತದೆ. ಓಡಿದರೆ, ಚಳಿಗೆ, ಗಾಬರಿಗೆ ದಮ್ಮು ಬರುವವರಿಗೆ ಬೇಡವೇ ಬೇಡ. ಹಿಂದಿನ 48 ಗಂಟೆಯಲ್ಲಿ ಉಸಿರು ಬಿಡಿಸುವ ಇನ್ಹೇಲರ್ ಬೇಕಾಗಿದ್ದರೆ ಅವತ್ತೂ ಇಳಿಯಬಾರದು. ನಿನ್ನದು ಧೂಳಿನ ದಮ್ಮು, ಸಮುದ್ರದಲ್ಲಿ ತೌಡು ಇಲ್ಲ, ನಿಜ. ಆದರೆ ಪರೀಕ್ಷೆ ಮಾಡದೆ ಯಾರೂ ಹೇಳಲಾರರು. ಬೋಟಿನ ಫಾರ್ಮಿನಲ್ಲಿ ಈ ಸಲ ನಿಜ ಬರೆ. ಸುಳ್ಳು ಬರೆದರೆ ವಿಮೆಯೂ ಕೈ ಕೊಡಬಹುದು. ಮಿಲ್ಲಿನಲ್ಲಿ ಮಾಸ್ಕ್ ಹಾಕಿಕೊಳ್ಳುತ್ತೀಯಾ? ಮೀನು ನೋಡುವ ಮಾಸ್ಕ್ ಅಲ್ಲ.

ಜೀನ್ಸ್ ಅಣ್ಣ, ಬಳ್ಳಾರಿ

ಅಕ್ಕಾವ್ರೇ, ತಪ್ಪಾಯಿತು. ಆ ಎರಡು ಸಾಲು ಹಿಂದಕ್ಕೆ ತೆಗೆದುಕೊಂಡೆ.

ಮಿಲ್ಲಿನ ಹುಡುಗ, ಗಂಗಾವತಿ

ಎಲ್ಲರಿಗೂ ಶರಣು. ನಿನ್ನೆ ಊದುವ ಪರೀಕ್ಷೆ ಮಾಡಿಸಿದೆ. ಊದಿದ್ದು ಸರಿ ಬಂತು. ಓಡಿಸಿ ಮಾಡುವ ಪರೀಕ್ಷೆಗೆ ಮುಂದಿನ ವಾರ ಬರಲು ಹೇಳಿದ್ದಾರೆ, ಸುಗ್ಗಿಯಲ್ಲೂ ಒಮ್ಮೆ ಬಂದು ಊದಬೇಕಂತೆ. ಅಕ್ಕಾ, ಮಿಲ್ಲಿಗೆ ಮಾಸ್ಕ್ ತಂದಿದ್ದೇನೆ. ಹಮಾಲರು ನೋಡಿ ನಗುತ್ತಿದ್ದಾರೆ.

ಫೆಬ್ರವರಿ ಬೋಟು ಬಿಟ್ಟೆ. ಗೆಳೆಯರು ಬೇಜಾರಾದರು. ಪರೀಕ್ಷೆಯಲ್ಲಿ ಪಾಸಾದರೆ ಅದೇ ತಿಂಗಳು ನೇತ್ರಾಣಿಯಲ್ಲೇ ಅಡ್ವಾನ್ಸ್ಡ್ ಮಾಡುತ್ತೇನೆ. ಹುಬ್ಬಳ್ಳಿ ಮೇಲೆ ರಾತ್ರಿ ಕಾರು ಹತ್ತಿದರೆ ಬೆಳಿಗ್ಗೆ ಮುರುಡೇಶ್ವರ. ಮಳೆಗಾಲಕ್ಕೆ ಮುಂಚೆ ಎರಡು ಸಲ ಹೋಗಬಹುದು. ಆಮೇಲೆ ಅಂಡಮಾನ್. ಅಣ್ಣಾ, ನೀವು ಹೇಳಿದ ಸುಮ್ನೆ ನಿಲ್ಲುವುದನ್ನು ಇಲ್ಲೇ ಎಲ್ಲಾದರೂ ರೂಢಿ ಮಾಡಬಹುದಾ? ಕೆನಾಲಿನಲ್ಲಿ?

ಜೀನ್ಸ್ ಅಣ್ಣ, ಬಳ್ಳಾರಿ

ಕೆನಾಲು ಬೇಡ ಮಾರಾಯಾ. ಮುರುಡೇಶ್ವರದಲ್ಲೇ ಈಜುಕೊಳದಲ್ಲಿ ಕಲಿಸುವವರಿಗೆ ಒಂದು ಗಂಟೆ ಜಾಸ್ತಿ ದುಡ್ಡು ಕೊಟ್ಟು ಕಲಿ. ತಳದಿಂದ ಒಂದು ಮೊಳ ಮೇಲೆ, ಕೈ ಕಟ್ಟಿಕೊಂಡು, ಐದು ನಿಮಿಷ. ನನಗೆ ಅಷ್ಟು ಬರಲು ಎರಡನೇ ಟ್ರಿಪ್ಪೇ ಬೇಕಾಯಿತು. ಅವ್ವ ಏನಂದಳು?

ಮಿಲ್ಲಿನ ಹುಡುಗ, ಗಂಗಾವತಿ

ಫೆಬ್ರವರಿಗೆ ಹೋಗುವುದಿಲ್ಲ ಅಂದೆ. ರೊಟ್ಟಿ ಆಗಲೇ ಬಡಿದು ಒಣಗಿಸಿಟ್ಟಿದ್ದಳಂತೆ. "ಮೊದಲೇ ಹೇಳಬಾರದಾ" ಅಂತ ಬೈದಳು.

ರಾಯಚೂರು ಬಿಸಿಲು

ಹಾಗಾದರೆ ಆ ಬೋಟಿನ ಸೀಟು ಖಾಲಿ, ರೊಟ್ಟಿಯೂ ರೆಡಿ. ನಾನು ಹೋಗಲಾ?

ಜೀನ್ಸ್ ಅಣ್ಣ, ಬಳ್ಳಾರಿ

ಈಜು ಬರುತ್ತಾ?

ರಾಯಚೂರು ಬಿಸಿಲು

ಮೊಣಕಾಲಿನವರೆಗೆ.